ಕಡಲಿನ ವೇಳಾಪಟ್ಟಿ



ಚಾರಣವೆಂದರೆ ಬೆಟ್ಟ ಹತ್ತುವುದೆಂದೇ ನಿಮ್ಮಲ್ಲಿ ಹಲವರ ಭಾವನೆ. ಕಡಲಂಚಿನಲ್ಲಿ ದಿನಗಟ್ಟಲೆ ನಡೆಯುವ ಚಾರಣಗಳೂ ಉಂಟು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ 1942ರಲ್ಲಿ ಸ್ಥಾಪನೆಯಾದ ಏಬಲ್ ಟಾಸ್ಮನ್ ರಾಷ್ಟ್ರೀಯ ಉದ್ಯಾನ ಇದಕ್ಕೆ ಹೆಸರಾಗಿದೆ. ಅಲ್ಲಿನ ಕರಾವಳಿ ಹಾದಿ 60 ಕಿಲೋಮೀಟರ್. ನಡೆಯಲು 3ರಿಂದ 5 ದಿನ ಬೇಕು.

ಈ ಹಾದಿಯಲ್ಲಿ ಅವರೋವಾ ಎಂಬ ಅಳಿವೆಯಿದೆ. ಅದಕ್ಕೆ ಸೇತುವೆಯಿಲ್ಲ, ನಡೆದು ಹೋಗುವವರಿಗೆ ಬಳಸುದಾರಿಯೂ ಇಲ್ಲ. ನೀರು ಪೂರ್ತಿ ಇಳಿಯುವುದಕ್ಕೆ ಮುಂಚಿನ ಒಂದೂವರೆ ಗಂಟೆ, ಇಳಿದ ಮೇಲಿನ 2 ಗಂಟೆ, ಇಷ್ಟರೊಳಗೆ ದಾಟಬೇಕು. ಚಂದ್ರನ ಚಲನೆಯಿಂದಾಗಿ ಇಳಿತದ ವೇಳೆ ದಿನದಿನವೂ ಸುಮಾರು 50 ನಿಮಿಷ ತಡವಾಗುತ್ತದೆ. ಆದ್ದರಿಂದ ನಿನ್ನೆ ದಾಟಿದವರ ಮಾತು ನಂಬಿ ಇಂದು ಅದೇ ಹೊತ್ತಿಗೆ ನೀರಿಗೆ ಇಳಿಯುವಂತಿಲ್ಲ. ಆ ದಿನದ ಉಬ್ಬರವಿಳಿತದ ಪಟ್ಟಿಯನ್ನೇ ನೋಡಬೇಕು.

ಮಾರ್ಗದರ್ಶಕರ ಬೆಲೆ ತಿಳಿಯುವುದು ಇಲ್ಲಿಯೇ. ನೀವು ಇಂಥ ತಂಡ ಸೇರಿದಾಗ, ಅವರು ‘ಈಗ ಬೇಡ, ಕಾಯೋಣ’ ಎಂದರೆ ಮರುಮಾತಾಡದೆ ಕುಳಿತುಬಿಡಿ. ದಡದಿಂದ ನೋಡಿದರೆ ನೀರು ಮೊಣಕಾಲಷ್ಟೇ ಎನಿಸಬಹುದು. ಆದರೆ ಉಬ್ಬರ ಏರುತ್ತಿದ್ದರೆ, ನೀವು ನಡುಮಧ್ಯಕ್ಕೆ ಬರುವ ಹೊತ್ತಿಗೆ ಅದು ಅಷ್ಟೇ ಇರುವುದಿಲ್ಲ. ಮುಂದಿನ ಇಳಿತಕ್ಕೆ ಸುಮಾರು ಹನ್ನೆರಡೂವರೆ ಗಂಟೆ ಕಾದರೆ ಹೋಗುವುದು ಒಂದು ಹಗಲು ಮಾತ್ರ. ನಡೆಯುವ ಶಕ್ತಿಯ ಜೊತೆಗೆ ಕಾಯುವ ತಾಳ್ಮೆಯನ್ನೂ ಚೀಲದಲ್ಲಿ ತುಂಬಿಕೊಂಡು ಹೊರಡಿ.