ಊರಿನ ಹಣ, ಊರವರ ಲೆಕ್ಕ



ಆಯವ್ಯಯ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಪೆಟ್ಟಿಗೆ ಹಿಡಿದು ವಿಧಾನಸೌಧಕ್ಕೆ ಬರುವ ಹಣಕಾಸು ಸಚಿವರ ಚಿತ್ರ. ಆದರೆ ನಮ್ಮ ಬೀದಿಗೆ ಮೊದಲು ಚರಂಡಿಯೋ, ದೀಪವೋ ಎಂಬುದು ನಿರ್ಧಾರವಾಗುವುದು ನಗರಸಭೆ, ಗ್ರಾಮ ಪಂಚಾಯಿತಿಗಳ ಆಯವ್ಯಯದಲ್ಲಿ. ಆ ನಿರ್ಧಾರವನ್ನು ಬೀದಿಯ ಜನರೇ ಕೈಗೊಂಡರೆ ಹೇಗೆ? ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಈ ಪ್ರಯೋಗಕ್ಕೆ ಕೈಹಾಕಿತು.

ಬ್ರೆಜಿಲ್‌ನಲ್ಲಿ 1964ರಿಂದ 1985ರವರೆಗೆ ಸೇನಾಡಳಿತವಿತ್ತು. ಮತದ ಹಕ್ಕು ಮರಳಿದ ಮೇಲೂ ನಗರದ ಅಂಚಿನ ಅನೇಕ ಬಡ ಬಡಾವಣೆಗಳಿಗೆ ಒಳಚರಂಡಿಯಾಗಲಿ, ಒಳ್ಳೆಯ ರಸ್ತೆಯಾಗಲಿ ಇರಲಿಲ್ಲ. ಮೇಯರ್ ಒಲಿವಿಯೊ ದುತ್ರಾ ಅವರ ಆಡಳಿತ ಹೊಸ ಕಾಮಗಾರಿಗಳ ಆಯ್ಕೆಯನ್ನು ಜನರ ಮುಂದಿಟ್ಟಿತು. ಕ್ರಮೇಣ 16 ವಲಯಗಳಲ್ಲಿ ಪ್ರತಿವರ್ಷ ಸಭೆ ಸೇರುವ ಪದ್ಧತಿ ಬೆಳೆಯಿತು.

ಎಲ್ಲರೂ ತಮ್ಮ ಬೀದಿಯೇ ಮೊದಲು ಎಂದರೆ ಹಣ ಹಂಚುವುದು ಹೇಗೆ? ಅದಕ್ಕೊಂದು ಸೂತ್ರವಿತ್ತು. ವಲಯದ ಜನಸಂಖ್ಯೆ ಎಷ್ಟು, ಅಲ್ಲಿ ಯಾವ ಸೌಲಭ್ಯದ ಕೊರತೆ ಎಷ್ಟಿದೆ, ಜನ ಅದಕ್ಕೆ ಎಷ್ಟನೆಯ ಸ್ಥಾನ ಕೊಟ್ಟಿದ್ದಾರೆ—ಈ ಮೂರಕ್ಕೂ ಅಂಕಗಳು. ಹೆಚ್ಚು ಅಂಕ ಬಂದ ವಲಯಕ್ಕೆ ಹೆಚ್ಚಿನ ಪಾಲು. ಜೋರಾಗಿ ಕೂಗುವವರಿಗಲ್ಲ, ಹೆಚ್ಚು ಕೊರತೆಯಿದ್ದವರಿಗೆ ಹಣ ಹೋಗಲಿ ಎಂಬುದೇ ಇದರ ಉದ್ದೇಶ.

ಫಲವೇನು? 1989ರಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗಿದ್ದ ಒಳಚರಂಡಿ ಸೌಲಭ್ಯ ದಶಕದ ಕೊನೆಗೆ ಶೇಕಡಾ 80ಕ್ಕೂ ಹೆಚ್ಚು ಜನರನ್ನು ತಲುಪಿತು. ಇನ್ನೊಂದು ಫಲ ಅಂಕಿಗಳಲ್ಲಿ ಕಾಣದು. ಮುಖಂಡರ ಮನೆ ಬಾಗಿಲಲ್ಲಿ ಕಾದು ಬೇಡಿ ಪಡೆಯುತ್ತಿದ್ದ ಕಾಮಗಾರಿಯನ್ನು ಜನ ಸಭೆಯಲ್ಲಿ ನಿಂತು ಹಕ್ಕಿನಿಂದ ಕೇಳತೊಡಗಿದರು. ಕಳೆದ ವರ್ಷ ಒಪ್ಪಿದ ಕೆಲಸ ಏನಾಯಿತೆಂದು ಅಧಿಕಾರಿಗಳು ಅದೇ ಸಭೆಯಲ್ಲಿ ಉತ್ತರಿಸಬೇಕಿತ್ತು.

ಆದರೆ ಈ ಕಥೆಗೆ ಇನ್ನೊಂದು ಮುಖವೂ ಇದೆ. ಇದನ್ನು ಆರಂಭಿಸಿದ ಪಕ್ಷ 2004ರ ಚುನಾವಣೆಯಲ್ಲಿ ಸೋತಿತು. ಮುಂದೆ ಒಪ್ಪಿದ ಕಾಮಗಾರಿಗಳು ಬಾಕಿ ಉಳಿಯುತ್ತ ಹೋದಂತೆ ಸಭೆಗಳು ಬಲಗುಂದಿದವು. 2017ರಲ್ಲಿ ಅವನ್ನು ಸ್ಥಗಿತಗೊಳಿಸಲಾಯಿತು. ಲೆಕ್ಕ ಒಪ್ಪಿಸದ ಸಭೆಗೆ ಜನ ಎಷ್ಟು ದಿನ ಬಂದಾರು?

ಈ ಪಾಠ ನಮಗೂ ಅನ್ವಯಿಸುತ್ತದೆ. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಗ್ರಾಮಸಭೆಗೆ ಸಾಂವಿಧಾನಿಕ ಸ್ಥಾನ ದೊರೆಯಿತು. ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. ಹದಿನೆಂಟು ತುಂಬಿ ಪಟ್ಟಿಗೆ ಸೇರಿದ ನೀವೂ ಸದಸ್ಯರು. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ. ಬೇಡಿಕೆಯ ಪಟ್ಟಿಯ ಜೊತೆಗೆ ಎರಡು ಪ್ರಶ್ನೆಗಳನ್ನೂ ಒಯ್ಯಿರಿ: ಈ ವರ್ಷ ಎಷ್ಟು ಹಣವಿದೆ? ಕಳೆದ ಸಭೆಯಲ್ಲಿ ಒಪ್ಪಿದ ಕೆಲಸ ಎಲ್ಲಿಗೆ ಬಂತು?