ರಣದಲ್ಲಿ ಮಡಿದವನ ಮಣ್ಣಿನ ಹೊಣೆ



ದೇವಸುಗೂರಿನ ಸೂಗೂರೇಶ್ವರನ ದರ್ಶನ ಮಾಡಿ ಕೃಷ್ಣೆಯ ದಡಕ್ಕೆ ಬಂದವರ ಕಣ್ಣಿಗೆ ಇಂದು ಮೊದಲು ಬೀಳುವುದು ಶಕ್ತಿನಗರದ ವಿದ್ಯುತ್ ಸ್ಥಾವರದ ಹೊಗೆಗೊಳವೆಗಳು. ಆದರೆ ಈ ನದಿಗೂ ರಾಯಚೂರಿನ ಕೋಟೆಗೂ ನಡುವಣ ಬಯಲು, 1520ರ ಬೇಸಗೆಯಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ನಡೆದ ಘೋರಸಂಗ್ರಾಮದಲ್ಲಿ ಸಹಸ್ರಾರು ಮಂದಿಯ ನೆತ್ತರನ್ನು ಹೀರಿದ ನೆಲ. ಆ ಯುದ್ಧದ ವೃತ್ತಾಂತವನ್ನು ಬರೆದಿಟ್ಟ ಪೋರ್ಚುಗೀಸ ಕುದುರೆ ವ್ಯಾಪಾರಿ ನೂನಿಜನು, ತೋಪು ತುರಗಗಳ ಲೆಕ್ಕದ ನಡುವೆ, ನಾವು ಸಾಮಾನ್ಯವಾಗಿ ಓದಿ ಮುಂದೆ ಸಾಗಿಬಿಡುವ ಸಂಗತಿಯೊಂದನ್ನು ಹೇಳಿರುವನು: ಗೆದ್ದ ರಾಯನು ಒಡನೆಯೇ ಕೋಟೆಯತ್ತ ಹೊರಡದೆ, ಸತ್ತವರೆಲ್ಲರ ದಹನವಾಗಿ ಅವರಿಗೆ ಸಲ್ಲತಕ್ಕ ಮರ್ಯಾದೆಗಳು ಸಲ್ಲುವ ತನಕ ಅಲ್ಲಿಯೇ ತಂಗಿದನಂತೆ, ತನ್ನ ಪಕ್ಷದಲ್ಲಿ ಮಡಿದ 16,000ಕ್ಕೂ ಮಿಕ್ಕ ಜನರ ಆತ್ಮಗಳಿಗಾಗಿ ಹೇರಳವಾಗಿ ದಾನಮಾಡಿದನಂತೆ. ಯುದ್ಧಕ್ಕೆ ಕರೆದವನೇ ಚಿತೆಗೂ ಹೊಣೆಗಾರನೆಂಬ ಧರ್ಮವು ನಮ್ಮ ಜಿಲ್ಲೆಯ ನೆಲದ ಮೇಲೆಯೇ ಆಚರಣೆಗೆ ಬಂದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಾಣೆ.

ಆದರೆ ಹಿಂದಿನವರು ಚಿತೆ ಆರಿದೊಡನೆ ಋಣ ತೀರಿತೆಂದು ತಿಳಿದವರಲ್ಲ. ಕನ್ನಡನಾಡಿನ ಊರೂರಲ್ಲಿ ನಿಂತಿರುವ ವೀರಗಲ್ಲುಗಳನ್ನು ಓದಿದರೆ, ಬಿದ್ದ ವೀರನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದ ಪದ್ಧತಿ ತಿಳಿಯುತ್ತದೆ. ಅದಕ್ಕೆ ನೆತ್ತರುಗೊಡಗೆಯೆಂದೂ ನೆತ್ತರುಪಟ್ಟಿಯೆಂದೂ ಹೆಸರು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, 9ನೆಯ ಶತಮಾನದ ಅಂತ್ಯಕಾಲದ ಬೇಗೂರಿನ ಕಲ್ಲು ತುಂಬೆಪಾಡಿಯ ಕಾಳಗದಲ್ಲಿ ಮಡಿದ ನಾಗತ್ತರನದು. ಅವನು ಬಿದ್ದ ಬಳಿಕ ಗಂಗರ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೇಗೂರು ಹನ್ನೆರಡನ್ನು ಕಲ್ನಾಡಾಗಿ, ಎಂದರೆ ದತ್ತಿಯ ಭೂಮಿಯಾಗಿ, ಕೊಟ್ಟನೆಂದು ಆ ಶಾಸನವು ಹೇಳುತ್ತದೆ. ಹಣವಾದರೆ ಒಂದು ವರ್ಷದಲ್ಲಿ ಕರಗುವುದು. ಭೂಮಿ ಮೊಮ್ಮಕ್ಕಳಿಗೂ ಅನ್ನವಿಕ್ಕುವುದು. ಈ ವಿವೇಕ ಆ ಅರಸರಿಗೆ ಇತ್ತು.

ಮುಂದೆ ರಾಯಚೂರು ನಿಜಾಮನ ಸಂಸ್ಥಾನಕ್ಕೆ ಸೇರಿತು. 1914ರ ಮಹಾಯುದ್ಧದಲ್ಲಿ ಹೈದರಾಬಾದಿನ ಲ್ಯಾನ್ಸರ್ ಪಡೆಯು ಮೈಸೂರಿನ ಲ್ಯಾನ್ಸರುಗಳ ಜೊತೆಗೆ ಈಜಿಪ್ಟು, ಪ್ಯಾಲೆಸ್ಟೈನುಗಳಿಗೆ ಹೋಯಿತು. ಹಡಗನ್ನೇರಿ ಹೋದವನು ಅಲ್ಲಿ ಸತ್ತರೆ, ಅವನ ದೇಹ ಊರಿಗೆ ಬರುವ ಆಶೆಯೇ ಇರಲಿಲ್ಲ. 1917ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗವು, ದೊಡ್ಡ ಹುದ್ದೆಯವನಾಗಲಿ ಸಾಮಾನ್ಯ ಸಿಪಾಯಿಯಾಗಲಿ, ಯಾರ ದೇಹವನ್ನೂ ಸ್ವದೇಶಕ್ಕೆ ಸಾಗಿಸಕೂಡದೆಂಬ ನಿಯಮವನ್ನು ಹಿಡಿದು, ಸಮಾಧಿಗಳ ಹಾಗೂ ಸ್ಮಾರಕಗಳ ವೆಚ್ಚವನ್ನು ತಾನೇ ವಹಿಸಿತು. ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಗಾಯದಿಂದ ತೀರಿಕೊಂಡ 53 ಮಂದಿ ಹಿಂದೂ ಮತ್ತು ಸಿಖ್ಖ ಸೈನಿಕರನ್ನು ದಹಿಸಿದ ಗುಡ್ಡದ ಮೇಲೆ 1921ರಲ್ಲಿ ಅನಾವರಣಗೊಂಡ ಬಿಳಿಯ ಛತ್ರಿಯ ಖರ್ಚನ್ನು, ಲಂಡನ್ನಿನ ಇಂಡಿಯಾ ಕಚೇರಿಯೂ ಆ ಊರಿನ ನಗರಸಭೆಯೂ ಹಂಚಿಕೊಂಡವು. ಮರ್ಯಾದೆಯ ಕೆಲಸವೇ ಸರಿ. ಆದರೆ ಮಗನ ಮುಖವನ್ನು ಕಡೆಯದಾಗಿ ಕಾಣದ ತಾಯಿಗೆ ದೂರದೇಶದ ಅಮೃತಶಿಲೆ ಯಾವ ಸಮಾಧಾನವನ್ನು ಕೊಟ್ಟೀತು?

ಸ್ವಾತಂತ್ರ್ಯಾನಂತರ, 1949ರಿಂದ ಡಿಸೆಂಬರ್ 7ರಂದು ಸೈನಿಕರ ಮತ್ತು ಅವರ ಕುಟುಂಬಗಳ ಕ್ಷೇಮಕ್ಕಾಗಿ ಧ್ವಜದಿನದ ನಿಧಿಯ ಸಂಗ್ರಹ ನಡೆಯುತ್ತ ಬಂದಿದೆ. ಆದರೂ ಗಡಿಯಲ್ಲಿ ಮಡಿದವನ ದಹನ ಬಹುಮಟ್ಟಿಗೆ ಗಡಿಯ ಬಳಿಯಲ್ಲಿಯೇ ಆಗುತ್ತಿತ್ತು. ಮಡಿದವರ ದೇಹಗಳನ್ನು ಸರ್ಕಾರವು ವ್ಯಾಪಕವಾಗಿ ಅವರವರ ಊರಿಗೆ ತಲುಪಿಸತೊಡಗಿದುದು 1999ರ ಕಾರ್ಗಿಲ್ ಯುದ್ಧದಲ್ಲಿ. ಅಂದಿನಿಂದ ಹಳ್ಳಿಯ ಜನ ತಮ್ಮ ಹುಡುಗನನ್ನು ತಾವೇ ಮಣ್ಣು ಮಾಡುವಂತಾಯಿತು. ಸಿಯಾಚಿನ್ನಿನ ಹಿಮದಡಿಯಲ್ಲಿ ಆರು ದಿನ ಹುದುಗಿದ್ದು, ಜೀವಂತವಾಗಿ ಹೊರಬಂದು, 2016ರ ಫೆಬ್ರವರಿ 11ರಂದು ದೆಹಲಿಯಲ್ಲಿ ಪ್ರಾಣಬಿಟ್ಟ ಹನುಮಂತಪ್ಪ ಕೊಪ್ಪದರನ್ನು ಕುಂದಗೋಳ ತಾಲ್ಲೂಕಿನ ಬೆಟದೂರಿಗೆ ತಂದಾಗ, ಸುತ್ತಣ ಸೀಮೆಯೆಲ್ಲ ಅಲ್ಲಿಗೆ ನೆರೆದಿತ್ತು. ರಾಜ್ಯ ಸರ್ಕಾರವು ಆ ಕುಟುಂಬಕ್ಕೆ 25 ಲಕ್ಷ ರೂಪಾಯಿಯನ್ನು ಘೋಷಿಸಿತು.

ಹಣದ ವಿಷಯವಾಗಿ ಇಂದಿನ ಸರ್ಕಾರಗಳನ್ನು ನಾನು ದೂರಲಾರೆ. ಆದರೆ ನಮ್ಮ ಭಾಗದಲ್ಲಿ ಅನೇಕ ಸಮುದಾಯಗಳವರು ಹೂಳುವವರು. ಕುಣಿ ತೋಡಲು ನೆಲ ಬೇಕು, ಮಣ್ಣಿಗೆ ಬಂದವರು ನಿಲ್ಲಲು ನೆಲ ಬೇಕು, ದಹಿಸುವವರಿಗೂ ಸೌದೆಗಿಂತ ಮೊದಲು ನೆಲವೇ ಬೇಕು. 2019ರ ಫೆಬ್ರವರಿಯಲ್ಲಿ ಪುಲ್ವಾಮಾದಲ್ಲಿ ಮಡಿದ ಮಂಡ್ಯ ಜಿಲ್ಲೆಯ ಗುಡಿಗೆರೆಯ ಯೋಧನ ಮನೆಯವರಿಗೆ ಸ್ವಂತ ಭೂಮಿಯಿರಲಿಲ್ಲ. ದೇಹ ದಾರಿಯಲ್ಲಿರುವಾಗ ಅಂತ್ಯಸಂಸ್ಕಾರಕ್ಕೆ ಸ್ಥಳ ಹುಡುಕಬೇಕಾಯಿತು, ಕಡೆಗೆ ಸರ್ಕಾರವು ಮೆಳ್ಳಹಳ್ಳಿಯ ಬಳಿ ಜಾಗ ಗೊತ್ತುಮಾಡಿತು. ನೆತ್ತರಿಗೆ ನೆಲವನ್ನು ಕೊಡುತ್ತಿದ್ದ ನಾಡಿನಲ್ಲಿ ಇದು ನಡೆಯಿತೆಂಬುದು ನನ್ನ ಮನಸ್ಸನ್ನು ಇಂದಿಗೂ ಇರಿಯುತ್ತದೆ.

ಅದೇ ವರ್ಷ, ಪ್ರತಿಯೊಂದು ಹಳ್ಳಿಗೂ ಸ್ಮಶಾನಭೂಮಿಯನ್ನು ಒದಗಿಸಬೇಕೆಂದು ರಾಜ್ಯದ ಉಚ್ಚ ನ್ಯಾಯಾಲಯವು ಸರ್ಕಾರಕ್ಕೆ ಆಜ್ಞೆಮಾಡಿತು. ರಾಯಚೂರು, ದೇವದುರ್ಗ, ಮಾನವಿ ತಾಲ್ಲೂಕುಗಳ ತಹಶೀಲ್ದಾರರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಸೈನ್ಯದಲ್ಲಿ ಹುಡುಗರಿರುವ ಊರುಗಳನ್ನು ಮೊದಲು ಎತ್ತಿಕೊಳ್ಳಿರಿ, ರುದ್ರಭೂಮಿಯನ್ನು ಅಳೆಯಿಸಿ, ಕಲ್ಲು ನೆಡಿಸಿ, ದಾರಿ ಬಿಡಿಸಿ, ಪಹಣಿಯಲ್ಲಿ ಬರೆಸಿಡಿರಿ. ಆ ಹುಡುಗರು ನಿವೃತ್ತರಾಗಿ ಕ್ಷೇಮವಾಗಿ ಮನೆಗೆ ಬಂದರೂ ಆ ನೆಲ ಊರವರೆಲ್ಲರಿಗೂ ಬೇಕಾದುದೇ.