ಸೋಮಯ್ಯನವರ ಹೆಸರಿನ ಎರಡು ‘ಎಂ’ಗಳು



ನಾನು ಸಾಹಿತಿಯಲ್ಲ, ಆಟಗಾರನಂತೂ ಅಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ದಿನವೂ ನೂರಾರು ಹೆಸರುಗಳು ನನ್ನ ಕೈಮೇಲೆ ಹಾದು ಹೋಗುತ್ತವೆ. ಆದುದರಿಂದ ಒಬ್ಬ ಹಾಕಿ ಆಟಗಾರರ ವಿಷಯವನ್ನು ಅವರ ಹೆಸರಿನ ಕಡೆಯಿಂದ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಎಂ. ಎಂ. ಸೋಮಯ್ಯನವರು 1959ರಲ್ಲಿ ಕೊಡಗಿನಲ್ಲಿ ಹುಟ್ಟಿದವರು. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಸ್ಪೇನನ್ನು 4–3ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿದ್ದರು. ಪಾಕಿಸ್ತಾನ, ಪಶ್ಚಿಮ ಜರ್ಮನಿ ಮೊದಲಾದ ಬಲಿಷ್ಠ ತಂಡಗಳು ಆ ಸಲ ಬಂದಿರಲಿಲ್ಲವೆಂಬುದು ನಿಜ. ಆ ಬಳಿಕ ಹಾಕಿಯಲ್ಲಿ ನಮಗೆ ಒಲಿಂಪಿಕ್ ಚಿನ್ನ ದೊರೆತಿಲ್ಲವೆಂಬುದೂ ಅಷ್ಟೇ ನಿಜ. 1984ರಲ್ಲಿ ಲಾಸ್ ಏಂಜಲೀಸಿಗೂ ಹೋದರು. 1985ರ ಅರ್ಜುನ ಪ್ರಶಸ್ತಿ ಪಡೆದರು. 1988ರ ಸೋಲ್ ಒಲಿಂಪಿಕ್ಸಿಗೆ ತಂಡದ ನಾಯಕರೇ ಆದರು. ಆಗ ದೊರೆತದ್ದು ಆರನೆಯ ಸ್ಥಾನ. ನೌಕರಿ ಮಾಡಿದ್ದು ಭಾರತ್ ಪೆಟ್ರೋಲಿಯಂನಲ್ಲಿ, ಇದೇ ಮುಂಬಯಿಯಲ್ಲಿ.

ಆದರೆ ಮುಂಬಯಿಯಲ್ಲಿ ‘ಸೋಮಯ್ಯ’ ಎಂದರೆ ಏನಾಗುತ್ತದೆ? ನಮ್ಮ ಆಂಟಾಪ್ ಹಿಲ್‌ಗೆ ಹತ್ತಿರ, ಸಾಯನ್‌ನಲ್ಲಿ ಸೋಮೈಯಾ ವೈದ್ಯಕೀಯ ಕಾಲೇಜಿದೆ. ಅದು ಕಚ್ಛಿ ಮನೆತನದ ಹೆಸರು. ಕೇಳಿದವರು ಆಟಗಾರರನ್ನೂ ಆ ಕಡೆಯವರೆಂದೇ ತಿಳಿದರೆ ಅವರ ತಪ್ಪಲ್ಲ. ಕೊಡಗಿನಲ್ಲಾದರೋ ಸೋಮಯ್ಯ ಎಂಬುದು ತೊಟ್ಟಿಲಿನಲ್ಲಿ ಇಟ್ಟ ಹೆಸರು, ಸೋಮನಿಗೆ ಅಯ್ಯ ಸೇರಿದ್ದು. ಮನೆತನ ಇರುವುದು ಮುಂದಿನ ‘ಎಂ’ನಲ್ಲಿ. ಮನೆಯಪಂಡ ಮುತ್ತಣ್ಣ ಸೋಮಯ್ಯ: ಒಕ್ಕದ ಹೆಸರು ಮೊದಲು, ತಂದೆಯದು ಆಮೇಲೆ, ತನ್ನದು ಕೊನೆಗೆ. ಕೊಡವ ತಕ್ಕಿನಲ್ಲಿ ‘ಅವಂಡ’ ಎಂದರೆ ‘ಅವನ’. ಮೂಲಪುರುಷನ ಹೆಸರಿಗೆ ಆ ‘ಅಂಡ’ ಹತ್ತಿ ‘ಇಂಥವನ ವಂಶದವರು’ ಎಂದಾಗುತ್ತದೆ. ಎಷ್ಟು ತಲೆಮಾರಿನ ಹಿಂದಿನ ಅಜ್ಜನೋ, ಇಂದಿಗೂ ತಂಡದ ಪಟ್ಟಿಯಲ್ಲಿ ಮುಂದೆ ನಿಂತಿದ್ದಾನೆ!

2016ರ ರಿಯೋ ತಂಡವನ್ನು ನೋಡಿ. ಎಸ್. ಕೆ. ಉತ್ತಪ್ಪ, ಎಸ್. ವಿ. ಸುನಿಲ್, ಇಬ್ಬರೂ ಕೊಡಗಿನವರೇ, ಇಬ್ಬರಿಗೂ ಮುಂದೆ ‘ಎಸ್’. ಒಬ್ಬರದು ಸಣ್ಣುವಂಡ ಒಕ್ಕ. ಇನ್ನೊಬ್ಬರದು ಸೋಮವಾರಪೇಟೆ ಊರು. ಅಕ್ಷರ ಒಂದೇ, ಅದರೊಳಗಿನ ಬಾಳು ಬೇರೆ.

ಈ ಒಕ್ಕಗಳನ್ನು ಆಟದಂಗಳಕ್ಕೆ ಇಳಿಸಿದವರು ಪಾಂಡಂಡ ಕುಟ್ಟಪ್ಪನವರು. ಅವರೂ ಬ್ಯಾಂಕಿನಲ್ಲಿದ್ದವರು, ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಉಂಟು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಆರಂಭವಾದ ಕೊಡವ ಹಾಕಿ ಉತ್ಸವದಲ್ಲಿ 2024ರಲ್ಲಿ, ನಾಪೋಕ್ಲಿನಲ್ಲಿ, 360 ಕುಟುಂಬಗಳು ಆಡಿದವು. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಮೊಮ್ಮಗ. ಯಾವ ಒಕ್ಕ ನಡೆಸುತ್ತದೋ ಆ ವರ್ಷದ ಕಪ್ಪಿಗೆ ಅದರ ಹೆಸರು.

ಇನ್ನು ನಮ್ಮ ವಿಷಯ. ಬ್ಯಾಂಕಿನ ಅರ್ಜಿಯಲ್ಲಿ ಮೂರು ಮನೆಗಳು: ಹೆಸರು, ತಂದೆಯ ಹೆಸರು, ಅಡ್ಡಹೆಸರು. ನಮ್ಮವರು ಮೂರನೆಯದರ ಮುಂದೆ ಪೆನ್ನು ಹಿಡಿದು ನಿಂತುಬಿಡುತ್ತಾರೆ. ಒಬ್ಬರು ಊರನ್ನು ಬರೆಯುತ್ತಾರೆ, ಒಬ್ಬರು ತಂದೆಯನ್ನೇ ಎರಡು ಸಲ ಬರೆಯುತ್ತಾರೆ, ಮತ್ತೊಬ್ಬರು ಸುಮ್ಮನೆ ‘ಗೌಡ’ ಎಂದೋ ‘ಶೆಟ್ಟಿ’ ಎಂದೋ ಮುಗಿಸುತ್ತಾರೆ. ಪಾಸುಪುಸ್ತಕದಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಮತ್ತೊಂದು. ಯಜಮಾನರು ತೀರಿಹೋದ ಮೇಲೆ ಠೇವಣಿ ಪಡೆಯಲು ಬಂದ ತಾಯಂದಿರಿಗೆ ಈ ಮೂವರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ ತನ್ನಿ ಎಂದು ಹೇಳಬೇಕಾಗುತ್ತದೆ. ಹೇಳುವ ಬಾಯಿ ನನ್ನದೇ. ಅದಕ್ಕೂ ಮಿಗಿಲಾಗಿ, ಇಲ್ಲಿ ಹುಟ್ಟಿದ ಮಕ್ಕಳಿಗೆ ಮುಂದಿನ ಅಕ್ಷರ ಊರೋ ಅಜ್ಜನೋ ತಿಳಿಯದು.

ಆದುದರಿಂದ ಕಾರ್ಯದರ್ಶಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಸಂಚಿಕೆಯಲ್ಲಿ ಸದಸ್ಯರ ಪಟ್ಟಿ ಅಚ್ಚು ಹಾಕಿಸುವಾಗ ಮೊದಲಕ್ಷರಗಳನ್ನು ಬಿಡಿಸಿ, ಪೂರ್ತಿಯಾಗಿ ಹಾಕಿಸಬೇಕು. ಎರಡು ಮೂರು ಪುಟ ಹೆಚ್ಚಾದೀತು. ಆ ಖರ್ಚಿಗೆ ಒಂದು ಜಾಹೀರಾತನ್ನು ನಾನೇ ತಂದುಕೊಡುತ್ತೇನೆ.